ನಮ್ಮನ್ನ ನಾವೇ ನೋಡ್ಕೊಳ್ಳೋದು: ಆತ್ಮಾವಲೋಕನದ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಏಳೆಂಟು ವರ್ಷದಿಂದ, ದಿನಾ ಅಲ್ದಿದ್ರೂ ವಾರದಲ್ಲಿ ನಾಲ್ಕೈದು ದಿನ, ಒಂದು ನೋಟ್‌ಬುಕ್ ಇಟ್ಕೊಂಡು ಹತ್ತು ನಿಮಿಷ ಕೂತ್ಕೋತೀನಿ. ಇದನ್ನ ನೋಡಿ ಫ್ರೆಂಡ್ಸು, ಜೊತೇಲಿ ಕೆಲಸ ಮಾಡೋರು, ನನ್ನ ತಮ್ಮ, ಎಲ್ರೂ ಕೇಳಿರೋ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರ್ತವೆ, ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದೀನಿ. ಮೊದಲ ಎರಡು ವರ್ಷ ನಾನು ಇದನ್ನ ತಪ್ಪು ದಾರೀಲಿ ಮಾಡಿ ಸಾಕಷ್ಟು ನೊಂದಿದೀನಿ, ಹಾಗಾಗಿ ಎಲ್ಲಿ ಎಡವ್ತೀವಿ ಅನ್ನೋದನ್ನ ಸ್ವಲ್ಪ ಜಾಸ್ತಿನೇ ಬರ್ದಿದೀನಿ.

ಆತ್ಮಾವಲೋಕನ ಅಂದ್ರೆ ಏನು? ಸುಮ್ನೆ ಕೂತು ಯೋಚ್ನೆ ಮಾಡೋದಾ?

ಯೋಚ್ನೆ ಎಲ್ರೂ ಮಾಡ್ತೀವಿ, ಸ್ನಾನ ಮಾಡ್ವಾಗ, ಬಸ್ಸಲ್ಲಿ, ನಿದ್ದೆ ಬರ್ದೇ ಇದ್ದಾಗ. ಅದಕ್ಕೆ ಶುರುನೂ ಇರಲ್ಲ ಕೊನೆನೂ ಇರಲ್ಲ. ಅವಲೋಕನ ಅಂದ್ರೆ ನಡೆದಿರೋ ಒಂದೇ ಒಂದು ಘಟನೆನ ಕೈಗೆತ್ಕೊಂಡು, ಅಲ್ಲಿ ಏನಾಯ್ತು, ಆವಾಗ ನನಗೆ ಒಳಗೆ ಏನನ್ಸ್ತು, ನಾನು ಏನು ಮಾಡ್ದೆ, ಇಂಥದ್ದೇ ಮತ್ತೆ ಬಂದ್ರೆ ಏನು ಮಾಡ್ತೀನಿ ಅಂತ ಒಂದು ಕಡೆಯಿಂದ ನೋಡ್ಕೊಂಡು ಬರೋದು.

ಉದಾಹರಣೆಗೆ ಮೀಟಿಂಗಲ್ಲಿ ಒಬ್ರು ನಿಮ್ಮ ಮಾತನ್ನ ಅರ್ಧಕ್ಕೇ ಕಟ್ ಮಾಡಿದ್ರು, ನೀವು ಸುಮ್ನಾದ್ರಿ. ರಾತ್ರಿ ಹನ್ನೊಂದಾದ್ರೂ ಅದೇ ಸೀನ್ ತಲೇಲಿ ಓಡ್ತಿದೆ, ನಾನು ಹೀಗೆ ಹೇಳ್ಬೇಕಿತ್ತು, ಹಾಗೆ ಹೇಳ್ಬೇಕಿತ್ತು, ಅವ್ರಿಗೆ ಎಷ್ಟು ಕೊಬ್ಬು ಅಂತ. ಇದ್ರಿಂದ ಏನೂ ಹುಟ್ಟಲ್ಲ. ಅದೇ ವಿಷಯನ "ಕಟ್ ಮಾಡ್ದಾಗ ಅವಮಾನ ಆಯ್ತು, ಅದಕ್ಕೇ ಎರಡನೇ ಪಾಯಿಂಟ್ ಹೇಳ್ದೇ ಬಿಟ್ಬಿಟ್ಟೆ, ನಾಳೆ ಬೆಳಿಗ್ಗೆ ಅವ್ರಿಗೆ ಆ ಪಾಯಿಂಟ್ ಮೆಸೇಜ್ ಮಾಡ್ತೀನಿ" ಅಂತ ಬರ್ದು ಪುಸ್ತಕ ಮುಚ್ಚಿದ್ರೆ ಅದು ಅವಲೋಕನ. ಎರಡೂ ಕಡೆ ಘಟನೆ ಒಂದೇ, ಆದ್ರೆ ಎರಡನೇದು ಎಲ್ಲೋ ಒಂದ್ಕಡೆ ಹೋಗಿ ನಿಲ್ತು.

ನಾನು ಮೊದ್ಲೇ ಓವರ್‌ಥಿಂಕ್ ಮಾಡೋನು. ಇದ್ರಿಂದ ಇನ್ನೂ ಜಾಸ್ತಿ ಆಗಲ್ವಾ?

ಆಗಬಹುದು. ನನಗೆ ಅತಿ ಹೆಚ್ಚು ಜನ ಕೇಳೋ ಪ್ರಶ್ನೆ ಇದು, ಕೇಳೋದೂ ಸರಿನೇ.

ಸೂಸನ್ ನೋಲನ್ ಹೊಕ್ಸೆಮಾ ಅಂತ ಒಬ್ರು ಅಮೆರಿಕದ ಮನಶ್ಶಾಸ್ತ್ರಜ್ಞೆ ಇದ್ರು, ಬೇಜಾರಾದಾಗ ಅದರಲ್ಲೇ ಮುಳುಗಿ ಕೊರಗೋ ಅಭ್ಯಾಸದ ಬಗ್ಗೆನೇ ವರ್ಷಗಟ್ಲೆ ಕೆಲಸ ಮಾಡಿದೋರು. 1989ರಲ್ಲಿ ಅವ್ರು ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ವಿದ್ಯಾರ್ಥಿಗಳ ಹತ್ರ ಬೇಜಾರಾದ್ರೆ ನೀವು ಏನು ಮಾಡ್ತೀರಿ ಅಂತ ಪ್ರಶ್ನೆಗಳನ್ನ ತುಂಬಿಸ್ಕೊಂಡಿದ್ರು. ಅದಾಗಿ ಎರಡೇ ವಾರಕ್ಕೆ ಆ ಕಡೆ ದೊಡ್ಡ ಭೂಕಂಪ ಆಯ್ತು, ಲೋಮಾ ಪ್ರಿಯೆಟಾ ಭೂಕಂಪ ಅಂತಾರಲ್ಲ ಅದೇ. ಯಾರೂ ಪ್ಲಾನ್ ಮಾಡಿದ್ದಲ್ಲ, ಆದ್ರೆ ಅವ್ರ ಕೈಯಲ್ಲಿ ಭೂಕಂಪಕ್ಕೆ ಮುಂಚಿನ ಲೆಕ್ಕ ಇತ್ತು. ಆಮೇಲೆ 10 ದಿನಕ್ಕೆ ಒಂದ್ಸಲ, 7 ವಾರಕ್ಕೆ ಇನ್ನೊಂದ್ಸಲ ಅದೇ ವಿದ್ಯಾರ್ಥಿಗಳನ್ನ ವಿಚಾರಿಸಿದ್ರು. ಮುಂಚೆಯಿಂದ ಕೊರಗೋ ಅಭ್ಯಾಸ ಇದ್ದೋರಲ್ಲೇ ಖಿನ್ನತೆಯ ಲಕ್ಷಣ ಜಾಸ್ತಿ ಉಳ್ಕೊಂಡಿತ್ತು. ಅಂದ್ರೆ ಕಷ್ಟ ಎಲ್ರಿಗೂ ಬಂತು, ಆದ್ರೆ ಅದರ ಸುತ್ತ ಮನಸ್ಸು ಹೇಗೆ ತಿರುಗ್ತು ಅನ್ನೋದೂ ಲೆಕ್ಕಕ್ಕೆ ಬಂತು.

ಕೊರಗೋದು ಗಾಣದ ಎತ್ತಿನ ನಡಿಗೆ ಥರ. ದಿನವಿಡೀ ನಡೆದಿರುತ್ತೆ, ಸುಸ್ತಾಗಿರುತ್ತೆ, ಆದ್ರೆ ಇದ್ದಲ್ಲೇ ಇರುತ್ತೆ. ಆ ಸುಸ್ತೇ ನಮಗೆ ಮೋಸ ಮಾಡೋದು, ಇಷ್ಟೊಂದು ಯೋಚ್ನೆ ಮಾಡಿದೀನಲ್ಲ, ಏನೋ ಅರ್ಥ ಆಗಿರ್ಬೇಕು ಅನ್ಸುತ್ತೆ.

ನಾನು ಗುರುತು ಹಿಡಿಯೋದು ಹೀಗೆ. ಐದು ನಿಮಿಷದ ಹಿಂದೆ ಬರೆದ ಸಾಲನ್ನೇ ಬೇರೆ ಪದದಲ್ಲಿ ಮತ್ತೆ ಬರೀತಿದ್ರೆ, ಕೊರಗು ಶುರುವಾಗಿದೆ. "ಯಾವಾಗ್ಲೂ", "ಎಲ್ಲಾ", "ಒಂದ್ಸಲಾನೂ" ಅನ್ನೋ ಪದಗಳು ಬರೋಕೆ ಶುರುವಾದ್ರೂ ಅಷ್ಟೇ. ಆವಾಗ ಪೆನ್ನು ಕೆಳಗಿಟ್ಟು ಎದ್ದು ಓಡಾಡಿ, ಪಾತ್ರೆ ತೊಳೀರಿ, ಯಾರಿಗಾದ್ರೂ ಫೋನ್ ಮಾಡಿ. ಇದನ್ನ ಸೋಲು ಅನ್ಕೋಬೇಡಿ, ಸುತ್ತು ಬಿಡಿಸ್ಕೊಳ್ಳೋಕೆ ಮೈ ಅಲ್ಲಾಡಿಸೋದು ತುಂಬಾ ಕೆಲಸಕ್ಕೆ ಬರುತ್ತೆ. ಓವರ್‌ಥಿಂಕ್ ಮಾಡೋರು ಟೈಮರ್ ಇಟ್ಕೊಂಡೇ ಕೂತ್ಕೊಳ್ಳಿ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ, ಹತ್ತು ನಿಮಿಷ, ಅದು ಹೊಡ್ಕೊಂಡ ತಕ್ಷಣ ಮುಗೀತು.

ಎಲ್ಲಿಂದ ಶುರು ಮಾಡ್ಲಿ? ಮೊದಲ ದಿನ ಏನು ಬರೀಲಿ?

"ನಾನು ಯಾರು", "ನನ್ನ ಜೀವನದ ಉದ್ದೇಶ ಏನು" ಇಂಥ ದೊಡ್ಡ ಪ್ರಶ್ನೆ ಹಾಕ್ಕೊಂಡು ಕೂರಬೇಡಿ, ಮೊದಲ ವಾರದಲ್ಲೇ ಬಿಟ್ಬಿಡ್ತೀರಿ. ಇವತ್ತಿನ ಒಂದು ಸಣ್ಣ ಘಟನೆ ಹುಡುಕಿ. ಮನಸ್ಸು ಸ್ವಲ್ಪ ಏರುಪೇರಾದ ಜಾಗ, ಸಿಟ್ಟು ಬಂದಿದ್ದು, ಖುಷಿ ಆಗಿದ್ದು, ಏನೋ ಹೇಳ್ಬೇಕಂತ ಇದ್ದು ನುಂಗ್ಕೊಂಡಿದ್ದು, ಯಾವುದಾದ್ರೂ ಸರಿ.

ಮೊದ್ಲು ಕ್ಯಾಮೆರಾ ಇಟ್ಟಿದ್ರೆ ಅದ್ರಲ್ಲಿ ಏನು ರೆಕಾರ್ಡ್ ಆಗ್ತಿತ್ತೋ ಅಷ್ಟನ್ನ ಮಾತ್ರ ಬರೀರಿ. "ಅವಳು ನನ್ನನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ" ಅಂತ ಕ್ಯಾಮೆರಾಗೆ ಕಾಣಲ್ಲ. "ನಾನು ಮಾತಾಡ್ತಿದ್ದಾಗ ಅವಳು ಎರಡು ಸಲ ಫೋನ್ ನೋಡಿದ್ಳು", ಇದು ಕಾಣುತ್ತೆ. ಈ ಒಂದು ಅಭ್ಯಾಸ ಕೈಗೆ ಹತ್ತೋಕೆ ನನಗೆ ತಿಂಗಳುಗಳೇ ಬೇಕಾಯ್ತು, ಆದ್ರೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳೋದು ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ನಡೆದಿದ್ದು ಯಾವುದು, ಅದಕ್ಕೆ ನಾವು ಹಚ್ಚಿದ ಅರ್ಥ ಯಾವುದು ಅಂತ ಬಿಡಿಸಿ ನೋಡಿದ ಕೂಡ್ಲೇ ಅರ್ಧ ಸಿಟ್ಟು ಇಳಿದಿರುತ್ತೆ. ಆಮೇಲೆ ನನಗೇನನ್ಸ್ತು, ನಾನೇನು ಮಾಡ್ದೆ, ಮುಂದಿನ ಸಲ ಏನು, ಇಷ್ಟು ನಾಲ್ಕು ಸಾಲು ಬರೆದ್ರೆ ಆಯ್ತು. ಗ್ರಹಾಂ ಗಿಬ್ಸ್ ಅನ್ನೋ ಶಿಕ್ಷಣ ತಜ್ಞರು 1988ರಲ್ಲಿ ಇದನ್ನೇ ಆರು ಹೆಜ್ಜೆಯ ಒಂದು ಚಕ್ರ ಮಾಡಿ ಕೊಟ್ಟಿದ್ದಾರೆ, ನರ್ಸಿಂಗ್ ಮತ್ತೆ ಟೀಚರ್ ಟ್ರೈನಿಂಗಲ್ಲಿ ಅದನ್ನ ತುಂಬಾ ಬಳಸ್ತಾರೆ. ನಿಮಗೆ ಆರು ಬೇಕಂದ್ರೆ ಆರು ಮಾಡಿ, ನನಗೆ ನಾಲ್ಕು ಸಾಕಾಗುತ್ತೆ.

ಏನನ್ಸ್ತು ಅಂತ ಬರೆಯೋಕೆ ಹೋದ್ರೆ "ಬೇಜಾರಾಯ್ತು" ಬಿಟ್ರೆ ಏನೂ ಹೊಳೆಯಲ್ಲ, ಏನ್ಮಾಡೋದು?

ನಾವು ಬೇಜಾರು ಅನ್ನೋ ಒಂದೇ ಚೀಲಕ್ಕೆ ಎಲ್ಲಾನೂ ತುಂಬ್ತೀವಿ. ಮಾಡೋಕೆ ಕೆಲಸ ಇಲ್ದಿದ್ರೂ ಬೇಜಾರು, ಫ್ರೆಂಡ್ ಕರೀದೇ ಪ್ರೋಗ್ರಾಂಗೆ ಹೋದ್ರೂ ಬೇಜಾರು, ಹತ್ತಿರದವರು ತೀರ್ಕೊಂಡ್ರೂ ಬೇಜಾರು. ಆದ್ರೆ ನಮ್ಮ ಭಾಷೇಲಿ ಪದಗಳಿಗೆ ಬರ ಇಲ್ಲ ನೋಡಿ. ಕಸಿವಿಸಿ ಬೇರೆ, ಮುಜುಗರ ಬೇರೆ. ಅಳುಕು ಅಂದ್ರೆ ಭಯ ಅಷ್ಟೇ ಅಲ್ಲ, ಹೆಜ್ಜೆ ಮುಂದಿಡೋಕೆ ಹಿಂಜರಿಕೆ. ಎಲ್ರ ಮುಂದೆ ಮಾತು ಬಿದ್ದೋದಾಗ ಆಗೋದು ಪೆಚ್ಚು. ಕೈಬಿಟ್ಟ ಅವಕಾಶ ನೆನೆಸ್ಕೊಂಡಾಗ ಆಗೋದು ಹಳಹಳಿ. ತಳಮಳ, ಹೊಟ್ಟೆಕಿಚ್ಚು, ಮುನಿಸು, ಹತಾಶೆ, ದಿಗಿಲು, ಒಂದೊಂದೂ ಬೇರೆ ಬೇರೆ ಬಾಗಿಲು.

ಸರಿಯಾದ ಪದ ಸಿಕ್ರೆ ಮುಂದಿನ ಹೆಜ್ಜೆ ತಾನಾಗೇ ಕಾಣುತ್ತೆ. ಬೇಜಾರಿಗೆ ಏನು ಮಾಡೋದು ಅಂತ ಗೊತ್ತಾಗಲ್ಲ, ಆದ್ರೆ ಅದು ಹೊಟ್ಟೆಕಿಚ್ಚು ಅಂತ ಒಪ್ಕೊಂಡ್ರೆ, ಓ ನನಗೂ ಆ ಕೋರ್ಸ್ ಮಾಡ್ಬೇಕಂತ ಆಸೆ ಇದೆ ಅಂತ ಗೊತ್ತಾಗುತ್ತೆ. ಭಾವನೆಗೆ ಹೆಸರಿಡೋದರ ಬಗ್ಗೆ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ದಾರೆ, ಮ್ಯಾಥ್ಯೂ ಲೀಬರ್‌ಮನ್ ಅನ್ನೋರ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಭಯ ಇರೋ ಮುಖಗಳನ್ನ ನೋಡಿ ಆ ಭಾವನೆಯ ಹೆಸರು ಗುರುತಿಸಿದಾಗ ಮೆದುಳಲ್ಲಿ ಅಪಾಯದ ಗಂಟೆ ಬಾರಿಸೋ ಅಮಿಗ್ಡಲಾ ಅನ್ನೋ ಭಾಗ ಸ್ವಲ್ಪ ತಣ್ಣಗಾಗಿದ್ದು ಕಂಡುಬಂತು.

"ಯಾಕೆ" ಅಂತ ಕೇಳ್ಕೋಬಾರ್ದು ಅಂತಾರಲ್ಲ, ಯಾಕೆ?

ಕೇಳ್ಲೇಬಾರ್ದು ಅಂತ ನಾನು ಹೇಳಲ್ಲ, ಆದ್ರೆ ಮೊದಲ ಪ್ರಶ್ನೆಯಾಗಿ ಬೇಡ. ಕಾರಣ ಏನಂದ್ರೆ, ಯಾಕೆ ಅಂತ ಕೇಳಿದ ತಕ್ಷಣ ನಮ್ಮ ಮನಸ್ಸು ಒಂದು ಉತ್ತರ ಕೊಟ್ಟೇ ಕೊಡುತ್ತೆ, ಅದು ನಿಜಾನೋ ಅಲ್ವೋ ಅದಕ್ಕೇ ಗೊತ್ತಿರಲ್ಲ.

1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತೆ ತಿಮೊತಿ ವಿಲ್ಸನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಒಂದು ಪ್ರಬಂಧ ಬರೆದ್ರು. ಅದ್ರಲ್ಲಿ ಬರೋ ಒಂದು ಪ್ರಯೋಗ ಹೀಗಿದೆ, ಅಂಗಡೀಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿಟ್ಟು ಯಾವುದು ಚೆನ್ನಾಗಿದೆ ಹೇಳಿ ಅಂದ್ರು. ಜನ ಬಲಗಡೆ ತುದೀಲಿರೋದನ್ನೇ ಜಾಸ್ತಿ ಆರಿಸಿದ್ರು, ಯಾಕೆ ಅಂತ ಕೇಳಿದ್ರೆ ನೇಯ್ಗೆ ಚೆನ್ನಾಗಿದೆ, ಕ್ವಾಲಿಟಿ ಚೆನ್ನಾಗಿದೆ ಅಂತ ಕಾರಣ ಕೊಟ್ರು. ನಾಲ್ಕೂ ಒಂದೇ ಮಾಲು. ಇಟ್ಟಿರೋ ಜಾಗದಿಂದ ಏನಾದ್ರೂ ಪ್ರಭಾವ ಆಯ್ತಾ ಅಂದ್ರೆ ಇಲ್ಲಪ್ಪ ಅಂದ್ರು. ಅವ್ರು ಸುಳ್ಳು ಹೇಳ್ತಿರ್ಲಿಲ್ಲ, ನಿಜವಾಗ್ಲೂ ಹಾಗೇ ನಂಬಿದ್ರು.

ಕಾಲುಚೀಲದ ವಿಷಯದಲ್ಲೇ ಹೀಗಾದ್ರೆ, "ನಾನ್ಯಾಕೆ ಯಾರ ಜೊತೇನೂ ಹೊಂದ್ಕೊಳ್ಳಲ್ಲ" ಅನ್ನೋ ಪ್ರಶ್ನೆಗೆ ಬರೋ ಉತ್ತರವನ್ನ ಎಷ್ಟು ನಂಬೋದು ಹೇಳಿ. ಅದರ ಬದಲು "ಯಾವ ಸಂದರ್ಭದಲ್ಲಿ ಹೀಗಾಗುತ್ತೆ", "ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು", "ಯಾರ ಜೊತೆ ಹೀಗಾಗಲ್ಲ" ಅಂತ ಕೇಳಿ. ಕೊನೇ ಪ್ರಶ್ನೆ ನನಗೆ ತುಂಬಾ ಇಷ್ಟ, ಯಾಕಂದ್ರೆ ಯಾರೋ ಒಬ್ರ ಜೊತೆ ಆದ್ರೂ ಹೊಂದ್ಕೊಂಡೇ ಇರ್ತೀವಿ. ಇಪ್ಪತ್ತು ಮೂವತ್ತು ಸಲ ಹೀಗೆ ಬರೆದ್ಮೇಲೆ ಯಾಕೆ ಅನ್ನೋದು ಪುಟಗಳಲ್ಲಿ ತಾನಾಗೇ ಎದ್ದು ಕಾಣೋಕೆ ಶುರುವಾಗುತ್ತೆ, ಆ ಯಾಕೆ ಮೇಲೆ ನನಗೆ ಸ್ವಲ್ಪ ನಂಬಿಕೆ ಇದೆ.

ಬರೀಲೇಬೇಕಾ? ಮನಸ್ಸಲ್ಲೇ ಮಾಡ್ಕೊಂಡ್ರೆ ಆಗಲ್ವಾ?

ಆಗುತ್ತೆ, ನಡೀತಾ ನಡೀತಾ ಮಾಡೋರಿದ್ದಾರೆ, ವಾಯ್ಸ್ ರೆಕಾರ್ಡ್ ಮಾಡ್ಕೊಳ್ಳೋರಿದ್ದಾರೆ. ಆದ್ರೆ ಶುರುವಲ್ಲಿ ಬರೀರಿ ಅಂತೀನಿ. ತಲೇಲಿರೋ ಯೋಚ್ನೆ ನುಣುಚಿಕೊಳ್ಳುತ್ತೆ, ಹಾಳೆ ಮೇಲೆ ಬಿದ್ದಿದ್ದು ಓಡಿಹೋಗಲ್ಲ, ಅದನ್ನ ಎದುರಿಗಿಟ್ಕೊಂಡು ಇದು ನಿಜಾನಾ ಅಂತ ಕೇಳ್ಬಹುದು.

ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು ಸಾಂಡ್ರಾ ಬೀಲ್ ಅನ್ನೋರ ಜೊತೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಜೀವನದಲ್ಲಿ ತುಂಬಾ ನೋವಾದ ವಿಷಯದ ಬಗ್ಗೆ ಬರೆದ್ರು. ನಡೆದಿದ್ದನ್ನೂ ಅದರ ಬಗ್ಗೆ ಅನ್ಸಿದ್ದನ್ನೂ ಎರಡನ್ನೂ ಬರೆದೋರು ಮುಂದಿನ ತಿಂಗಳುಗಳಲ್ಲಿ ಹೆಲ್ತ್ ಸೆಂಟರ್‌ಗೆ ಹೋಗಿದ್ದು ಕಡಿಮೆ. ಆದ್ರೆ ಬರೆದ ತಕ್ಷಣ ಅವ್ರಿಗೆ ಇನ್ನೂ ಬೇಸರ ಆಗಿತ್ತು ಅನ್ನೋದನ್ನ ಯಾರೂ ಹೇಳಲ್ಲ, ನಾನು ಹೇಳ್ತಿದೀನಿ, ಯಾಕಂದ್ರೆ ಬರೆದು ಎದ್ದಾಗ ಮನಸ್ಸು ಭಾರ ಆದ್ರೆ ಇದು ನನಗೆ ಆಗಿಬರಲ್ಲ ಅಂತ ಬಿಟ್ಬಿಡ್ತೀರಿ. ಪೆನ್ನೆಬೇಕರ್ ಆಮೇಲೆ ಜನ ಬರೆದ ಪದಗಳನ್ನೇ ಲೆಕ್ಕ ಹಾಕಿ ನೋಡಿದ್ರು. ದಿನದಿಂದ ದಿನಕ್ಕೆ "ಯಾಕಂದ್ರೆ", "ಈಗ ಅರ್ಥ ಆಯ್ತು" ಇಂಥ ಪದಗಳು ಜಾಸ್ತಿ ಆಗ್ತಾ ಹೋದೋರಿಗೇ ಹೆಚ್ಚು ಉಪಯೋಗ ಆಗಿತ್ತು. ಅಂದ್ರೆ ಸುಮ್ನೆ ಕಕ್ಕಿಬಿಟ್ರೆ ಸಾಲದು, ಬರೀತಾ ಬರೀತಾ ಕಥೆ ಸ್ವಲ್ಪ ಸ್ವಲ್ಪ ಬಿಡಿಸ್ಕೋಬೇಕು.

ಪೆನ್ನಾ ಫೋನಾ ಅಂತ ಕೇಳ್ತಾರೆ. ಯಾವುದು ಕೈಗೆ ಸಿಗುತ್ತೋ ಅದು. ಫೋನಲ್ಲಾದ್ರೆ ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಬೆಳಿಗ್ಗೆ ಮಾಡ್ಬೇಕಾ ರಾತ್ರಿ ಮಾಡ್ಬೇಕಾ?

ಎರಡು ಸಾವಿರ ವರ್ಷದ ಹಿಂದೆ ರೋಮ್‌ನಲ್ಲಿದ್ದ ಸೆನೆಕಾ ಅನ್ನೋ ತತ್ವಜ್ಞಾನಿ ರಾತ್ರಿ ದೀಪ ಆರಿಸಿದ್ಮೇಲೆ ಇಡೀ ದಿನದ ನಡೆನುಡಿ ತಿರುವಿ ನೋಡ್ತಿದ್ನಂತೆ, ಹೆಂಡತಿಗೆ ಅವನ ಈ ಅಭ್ಯಾಸ ಗೊತ್ತಿದ್ರಿಂದ ಅವಳು ಆ ಹೊತ್ತಲ್ಲಿ ಮಾತಾಡಿಸ್ತಿರ್ಲಿಲ್ಲ ಅಂತ ಅವನೇ ಬರ್ದಿದಾನೆ. ಅಮೆರಿಕದ ಹಳೇ ಕಾಲದ ರಾಜಕೀಯ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ಎರಡೂ ಹೊತ್ತು ಮಾಡ್ತಿದ್ರು, ಬೆಳಿಗ್ಗೆ ಇವತ್ತು ಏನು ಒಳ್ಳೇದು ಮಾಡ್ತೀನಿ, ರಾತ್ರಿ ಇವತ್ತು ಏನು ಒಳ್ಳೇದು ಮಾಡ್ದೆ. ನನಗೆ ರಾತ್ರಿ ಆಗಲ್ಲ, ನಿದ್ದೆ ಹಾಳಾಗುತ್ತೆ, ಸಂಜೆ ಕೆಲಸ ಮುಗಿದು ಊಟಕ್ಕೆ ಮುಂಚೆ ಕೂತ್ಕೋತೀನಿ. ಮಲಗೋ ಹೊತ್ತಲ್ಲಿ ತಲೆ ಓಡೋರು ರಾತ್ರಿ ಬಿಟ್ಟುಬಿಡಿ.

ಸುಮ್ನೆ ಕೂರೋಕೇ ಆಗಲ್ಲ, ಎರಡು ನಿಮಿಷಕ್ಕೆ ಕೈ ಫೋನ್ ಕಡೆ ಹೋಗುತ್ತೆ

ಇದಕ್ಕೆ ನಿಮ್ಮೊಬ್ಬರನ್ನೇ ದೂರ್ಕೋಬೇಡಿ. ಮೇಲೆ ಹೇಳಿದ ತಿಮೊತಿ ವಿಲ್ಸನ್ ಅವ್ರೇ 2014ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ್ರು. ಜನರನ್ನ ಖಾಲಿ ರೂಮಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿದ್ರು, ಫೋನ್ ಇಲ್ಲ ಪುಸ್ತಕ ಇಲ್ಲ, ಒಂದು ಬಟನ್ ಇದೆ, ಒತ್ತಿದ್ರೆ ಸಣ್ಣ ಕರೆಂಟ್ ಶಾಕ್. ಆ ಶಾಕ್ ಬೇಡಪ್ಪ, ದುಡ್ಡು ಕೊಟ್ಟಾದ್ರೂ ತಪ್ಪಿಸ್ಕೋತೀನಿ ಅಂತ ಮುಂಚೆ ಹೇಳಿದೋರೇ ಇವ್ರು. ಆದ್ರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಂದ್ಸಲನಾದ್ರೂ ಬಟನ್ ಒತ್ತಿದ್ರು. ನಮ್ಮ ಮನಸ್ಸಿನ ಜೊತೆ ನಾವೊಬ್ರೇ ಇರೋದು ಅಷ್ಟು ಕಷ್ಟ.

ಹಾಗಾಗಿ ಖಾಲಿ ಕೂರಬೇಡಿ, ಒಂದು ಪ್ರಶ್ನೆ ಹಿಡ್ಕೊಂಡು ಕೂತ್ಕೊಳ್ಳಿ. ಮೂರು ನಿಮಿಷದಿಂದ ಶುರು ಮಾಡಿ. ಫೋನ್ ಪಕ್ಕದ ರೂಮಲ್ಲಿರ್ಲಿ.

ಬರೆಯೋಕೆ ಕೂತ್ರೆ ನನ್ನನ್ನ ನಾನೇ ಬೈಕೊಳ್ಳೋದೇ ಆಗುತ್ತೆ. ಹಾಗೆ ಬೈಕೊಂಡ್ರೆ ತಾನೇ ಬುದ್ಧಿ ಬರೋದು?

ನಾನು ಎರಡು ವರ್ಷ ಇದನ್ನೇ ನಂಬಿದ್ದೆ. ಆಮೇಲೆ ಒಂದಿನ ಹಳೇ ನೋಟ್‌ಬುಕ್ಕುಗಳನ್ನ ತೆಗೆದು ಓದ್ದೆ. ಪುಟ ಪುಟದಲ್ಲೂ ನಾನು ಸೋಮಾರಿ, ನನಗೆ ಶಿಸ್ತಿಲ್ಲ, ನಾನು ಸ್ವಾರ್ಥಿ ಅಂತ ಬರ್ದಿದೀನಿ, ಆದ್ರೆ ಆವತ್ತು ಏನಾಯ್ತು ಅಂತ ಒಂದು ಸಾಲು ಇಲ್ಲ. ಯಾವ ಕೆಲಸ ಮುಂದೂಡ್ದೆ, ಯಾರಿಗೆ ಏನಂದೆ, ಏನೂ ಇಲ್ಲ. ಎರಡು ವರ್ಷ ನನ್ನ ಮೇಲೆ ನಾನು ತೀರ್ಪು ಬರ್ಕೊಂಡಿದ್ದೆ, ಸಾಕ್ಷಿ ಒಂದೂ ಬರ್ಕೊಂಡಿರ್ಲಿಲ್ಲ. ಅದನ್ನ ಓದ್ತಾ ನನಗೆ ಅಳು ಬಂತು, ಇಷ್ಟು ದಿನ ಇಷ್ಟು ನೋವು ತಿಂದು ಕಲಿತಿದ್ದು ಏನೂ ಇಲ್ವಲ್ಲ ಅಂತ.

ಬೈಕೊಂಡ್ರೆ ಬುದ್ಧಿ ಬರುತ್ತೆ ಅನ್ನೋದಕ್ಕೆ ಎದುರಾಗಿ ಒಂದು ಪ್ರಯೋಗನೂ ಇದೆ. ಜೂಲಿಯಾನಾ ಬ್ರೈನ್ಸ್ ಮತ್ತೆ ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ್ದು, ಕಷ್ಟದ ಟೆಸ್ಟಲ್ಲಿ ಕೆಟ್ಟದಾಗಿ ಮಾಡಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಇದು ಎಲ್ರಿಗೂ ಕಷ್ಟನೇ, ನಿಮ್ಮ ಮೇಲೆ ತುಂಬಾ ಕಠಿಣವಾಗಬೇಡಿ ಅಂತ ಹೇಳಿದ್ರು. ಮೆತ್ತಗೆ ಮಾತಾಡಿದ್ರೆ ಸಡಿಲ ಬಿಡ್ತಾರೆ ಅಂತ ನಾವು ಅನ್ಕೋತೀವಿ, ಆದ್ರೆ ಅವ್ರೇ ಮುಂದಿನ ಟೆಸ್ಟಿಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಓದಿದ್ರು. ನನಗಿದು ಸರಿ ಅನ್ಸುತ್ತೆ. ಏಟು ಬೀಳುತ್ತೆ ಅಂತ ಗೊತ್ತಿರೋ ಮಗು ಮಾರ್ಕ್ಸ್ ಕಾರ್ಡ್ ಬಚ್ಚಿಡುತ್ತೆ, ನಾವೂ ನಮ್ಮಿಂದಲೇ ಹಾಗೆ ಬಚ್ಚಿಡ್ತೀವಿ.

ಕೈಗೆ ಹತ್ತೋ ಉಪಾಯ ಒಂದು ಹೇಳ್ತೀನಿ. "ನಾನು" ಅನ್ನೋ ಬದಲು ನಿಮ್ಮ ಹೆಸರು ಹಾಕಿ ಬರೀರಿ, ಅಥವಾ "ನೀನು" ಅಂತ. "ನೀನು ಇವತ್ತು ಯಾಕೋ ತುಂಬಾ ಹೆದರಿದ್ದೆ ಅನ್ಸುತ್ತೆ, ಅದಕ್ಕೇ ಫೋನ್ ಎತ್ಲಿಲ್ಲ". ಮಿಶಿಗನ್ ಯೂನಿವರ್ಸಿಟಿಯ ಈಥನ್ ಕ್ರಾಸ್ ತಂಡ 2014ರಲ್ಲಿ ತೋರಿಸಿದ್ದು ಇದನ್ನೇ, ಭಾಷಣಕ್ಕೆ ಮುಂಚೆ ತಮ್ಮ ಹೆಸರು ಹಿಡಿದು ತಮ್ಮ ಜೊತೆ ಮಾತಾಡ್ಕೊಂಡೋರು "ನಾನು ನಾನು" ಅಂದೋರಿಗಿಂತ ಸಮಾಧಾನವಾಗಿ, ಚೆನ್ನಾಗಿ ಮಾತಾಡಿದ್ರು, ಆಮೇಲೆ ನಾಚಿಕೆನೂ ಕಡಿಮೆ. ಫ್ರೆಂಡ್ ಕಷ್ಟ ಹೇಳ್ಕೊಂಡಾಗ ನಮಗೆ ದಾರಿ ಬೇಗ ಹೊಳೆಯುತ್ತಲ್ಲ, ಅದೇ ದೂರನ ನಮಗೂ ಕೊಟ್ಕೊಳ್ಳೋದು.

ಇನ್ನೊಂದು, ಎಲ್ರ ಮುಂದೆ ಮರ್ಯಾದೆ ಹೋಯ್ತು ಅಂತ ಕೊರಗ್ತಿರೋರಿಗೆ. 2000ನೇ ಇಸವಿಯಲ್ಲಿ ಥಾಮಸ್ ಗಿಲೋವಿಚ್ ಮತ್ತೆ ಜೊತೆಯವರು ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬ ವಿದ್ಯಾರ್ಥಿಗೆ ಮುಜುಗರ ಆಗೋಂಥ ಟೀ ಶರ್ಟ್ ಹಾಕಿಸಿ ಜನ ಕೂತಿರೋ ರೂಮಿಗೆ ಕಳಿಸಿದ್ರು. ಹಾಕ್ಕೊಂಡೋರು ಅರ್ಧ ಜನ ನೋಡಿರ್ತಾರೆ ಅಂದ್ಕೊಂಡ್ರು, ನಿಜವಾಗಿ ಗಮನಿಸಿದ್ದು ಅದರ ಅರ್ಧ, ಸುಮಾರು ಕಾಲು ಭಾಗ.

ನನ್ನ ಬಗ್ಗೆ ನಾನೇ ಸುಳ್ಳು ಹೇಳ್ಕೊಳ್ತಿದ್ರೆ ಹೇಗೆ ಗೊತ್ತಾಗುತ್ತೆ?

ಒಬ್ರೇ ಕೂತ್ರೆ ಪೂರ್ತಿ ಗೊತ್ತಾಗಲ್ಲ. ತನ್ನ ಬೆನ್ನು ತನಗೆ ಕಾಣಲ್ಲ ಅಂತಾರಲ್ಲ ಹಾಗೆ. 1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಅನ್ನೋ ಇಬ್ರು ಮನುಷ್ಯನನ್ನ ನಾಲ್ಕು ಚೌಕದ ಕಿಟಕಿ ಥರ ಬರೆದ್ರು, ಇಬ್ಬರ ಹೆಸರು ಸೇರಿಸಿ ಜೊಹಾರಿ ಕಿಟಕಿ ಅಂತ ಅದಕ್ಕೆ ಹೆಸರು. ಅದ್ರಲ್ಲಿ ಒಂದು ಚೌಕ ಬೇರೆಯವರಿಗೆ ಕಂಡು ನಮಗೆ ಕಾಣ್ದೇ ಇರೋದು. ಅದನ್ನ ತುಂಬೋಕೆ ಇನ್ನೊಬ್ರು ಬೇಕೇ ಬೇಕು. ಸಿಮೀನ್ ವಜೀರೆ ಅನ್ನೋ ಸಂಶೋಧಕಿ 2010ರಲ್ಲಿ ಇದನ್ನ ಇನ್ನೂ ಸ್ಪಷ್ಟ ಮಾಡಿದ್ರು, ಒಳಗಿನ ಆತಂಕದಂಥ ವಿಷಯ ನಮಗೇ ಚೆನ್ನಾಗಿ ಗೊತ್ತಿರುತ್ತೆ, ಆದ್ರೆ ಬುದ್ಧಿವಂತಿಕೆ, ಸೃಜನಶೀಲತೆ ಇಂಥವು ನಮಗಿಂತ ಫ್ರೆಂಡ್ಸಿಗೇ ಸರಿಯಾಗಿ ಕಾಣುತ್ತೆ ಅಂತ. ಅಂಥ ವಿಷಯದಲ್ಲಿ ನಮ್ಮ ಅಹಂಕಾರ ಅಥವಾ ಕೀಳರಿಮೆ ಅಡ್ಡ ಬರುತ್ತಲ್ಲ.

ಆದ್ರೆ ಕೇಳೋ ರೀತಿ ಇದೆ. "ನಾನು ಹೇಗೆ?" ಅಂದ್ರೆ "ಒಳ್ಳೇವ್ನು ಕಣೋ" ಅಂತ ಮುಗಿಸ್ತಾರೆ. "ಮೊನ್ನೆ ನಾವೆಲ್ಲ ಪ್ಲಾನ್ ಮಾಡ್ವಾಗ ನಾನು ಯಾರ ಮಾತಾದ್ರೂ ತುಳಿದ್ನಾ?" ಅಂತ ಒಂದು ಘಟನೆ ಹಿಡಿದು ಕೇಳಿ. ಉತ್ತರ ಬಂದ್ಮೇಲೆ ವಾದ ಮಾಡಬೇಡಿ, ಥ್ಯಾಂಕ್ಸ್ ಹೇಳಿ ಬರ್ಕೊಳ್ಳಿ, ಒಪ್ಪೋದು ಬಿಡೋದು ಎರಡು ದಿನ ಬಿಟ್ಟು. ಅಲ್ಲೇ ಸಮರ್ಥನೆ ಕೊಡೋಕೆ ಹೋದ್ರೆ ಅವ್ರು ಇನ್ನೊಂದ್ಸಲ ನಿಜ ಹೇಳಲ್ಲ.

ತಪ್ಪು ಏನಂತ ಚೆನ್ನಾಗಿ ಗೊತ್ತು, ಆದ್ರೂ ಅದನ್ನೇ ಮಾಡ್ತಿದೀನಿ

ಗೊತ್ತಾಗೋದು ಬೇರೆ, ಆ ಕ್ಷಣದಲ್ಲಿ ನೆನಪಾಗೋದು ಬೇರೆ. "ಇನ್ಮೇಲೆ ತಾಳ್ಮೆಯಿಂದ ಇರ್ತೀನಿ" ಅಂತ ಬರೆದ್ರೆ ಅದಕ್ಕೆ ಕೈಕಾಲಿಲ್ಲ. ಪೀಟರ್ ಗಾಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು "ಹೀಗಾದ್ರೆ ಹಾಗೆ ಮಾಡ್ತೀನಿ" ಅನ್ನೋ ರೀತಿ ಸಂಕಲ್ಪ ಮಾಡೋದರ ಬಗ್ಗೆ 1990ರ ದಶಕದಿಂದ ಬರೀತಾ ಬಂದಿದ್ದಾರೆ, ಯಾವಾಗ ಎಲ್ಲಿ ಅಂತ ಮೊದ್ಲೇ ಕಟ್ಟಿಟ್ರೆ ಆ ಸಂದರ್ಭನೇ ನೆನಪಿಸುತ್ತೆ ಅಂತ.

ನನ್ನದೇ ಒಂದು ಹೇಳ್ತೀನಿ. ತಮ್ಮ ಫೋನ್ ಮಾಡ್ದಾಗ ನಾನು ಸುಮ್ಸುಮ್ನೆ ರೇಗ್ತಿದ್ದೆ, ಆಮೇಲೆ ಪಶ್ಚಾತ್ತಾಪ, ನೋಟ್‌ಬುಕ್ ತುಂಬಾ ನಾನು ಕೆಟ್ಟ ಅಣ್ಣ ಅಂತ. ಘಟನೆ ಬರೆಯೋಕೆ ಶುರು ಮಾಡಿ ಒಂದು ತಿಂಗಳಿಗೆ ಗೊತ್ತಾಗಿದ್ದು, ರೇಗಿದ ಫೋನೆಲ್ಲ ಕೆಲಸ ಮುಗಿಸಿ ಮನೆಗೆ ಬಂದ ಅರ್ಧ ಗಂಟೆ ಒಳಗೆ ಬಂದಿದ್ದು. ಭಾನುವಾರದ ಫೋನಲ್ಲಿ ಒಂದ್ಸಲಾನೂ ರೇಗಿಲ್ಲ. ಆಮೇಲೆ ಬರ್ಕೊಂಡೆ, "ಬಂದ ಅರ್ಧ ಗಂಟೆ ಒಳಗೆ ಅವನ ಫೋನ್ ಬಂದ್ರೆ, ಎತ್ತಿ, ಅರ್ಧ ಗಂಟೆ ಬಿಟ್ಟು ನಾನೇ ಮಾಡ್ತೀನಿ ಕಣೋ ಅಂತೀನಿ". ಅಷ್ಟೇ. ಸ್ವಭಾವ ಬದಲಾಯಿಸೋ ಅಗತ್ಯನೇ ಬೀಳ್ಲಿಲ್ಲ, ಹೊತ್ತು ಬದಲಾಯಿಸಿದ್ರೆ ಸಾಕಿತ್ತು.

ಕೆಲಸ ಬಿಡೋದು, ಮದುವೆ, ಇಂಥ ದೊಡ್ಡ ನಿರ್ಧಾರಗಳಿಗೆ ಇದು ಉಪಯೋಗಕ್ಕೆ ಬರುತ್ತಾ?

ಬರುತ್ತೆ, ಆದ್ರೆ ನಿರ್ಧಾರಕ್ಕೆ ಮುಂಚೆ ಬರೆದಿಟ್ರೆ ಮಾತ್ರ. ಏನಾಗುತ್ತೆ ಅನ್ಕೊಂಡಿದೀನಿ, ಯಾವುದಕ್ಕೆ ಹೆದರ್ತಿದೀನಿ, ಯಾವ ವಿಷಯ ತಿಳ್ಕೊಂಡಿದೀನಿ, ತಾರೀಕು ಹಾಕಿ ಬರೆದಿಡಿ. ಯಾಕಂದ್ರೆ ಫಲಿತಾಂಶ ಬಂದ್ಮೇಲೆ ನಮ್ಮ ನೆನಪು ತಿದ್ದಿಕೊಳ್ಳುತ್ತೆ. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಚೀನಾ, ಸೋವಿಯತ್ ಒಕ್ಕೂಟಕ್ಕೆ ಹೋಗೋ ಮುಂಚೆ ಏನೇನಾಗಬಹುದು ಅಂತ ಬರೂಕ್ ಫಿಶಾಫ್ ಮತ್ತೆ ರೂತ್ ಬೇಯ್ತ್ ಅನ್ನೋ ಸಂಶೋಧಕರು ಜನರಿಂದ ಅಂದಾಜು ಬರೆಸ್ಕೊಂಡ್ರು, ಆಮೇಲೆ ಆವಾಗ ಏನು ಬರ್ದಿದ್ರಿ ಅಂತ ನೆನಪಿಸ್ಕೊಳ್ಳೋಕೆ ಹೇಳಿದ್ರು. ನಡೆದೇಬಿಟ್ಟ ವಿಷಯಗಳಿಗೆ ಇದು ಆಗೋ ಸಾಧ್ಯತೆ ಹೆಚ್ಚು ಅಂತ ತಾವು ಮುಂಚೆನೇ ಬರ್ದಿದ್ವಿ ಅಂತ ಜನ ನೆನಪಿಸ್ಕೊಂಡ್ರು. ನನಗೆ ಆವಾಗ್ಲೇ ಗೊತ್ತಿತ್ತು ಅನ್ನೋ ಮಾತು ಬಹಳ ಸಲ ಹುಟ್ಟೋದು ಹೀಗೆ. ಅದೇ ನೆನಪಿಂದ ನಾವು ನಮ್ಮ ಮೇಲೆ ಅನ್ಯಾಯ ಮಾಡ್ಕೋತೀವಿ, ಗೊತ್ತಿದ್ದೂ ಹಾಗೆ ಮಾಡ್ದೆ ಅಂತ. ಬರೆದಿಟ್ಟ ಪುಟ ನೋಡಿದ್ರೆ, ಆವತ್ತು ಗೊತ್ತಿದ್ದಷ್ಟರಲ್ಲಿ ಸರಿಯಾಗೇ ಯೋಚ್ನೆ ಮಾಡಿದ್ದೆ ಅಂತ ಕಾಣ್ಬಹುದು.

ಹಳೇದನ್ನ ತಿರುಗಿ ಓದ್ಬೇಕಾ? ಯಾರಿಗಾದ್ರೂ ತೋರಿಸ್ಬೇಕಾ?

ತಿಂಗಳಿಗೊಂದ್ಸಲ ಓದಿ, ಪ್ಯಾಟರ್ನ್ ಕಾಣೋದು ಅಲ್ಲೇ. ಯಾರಿಗೂ ತೋರಿಸೋದು ಬೇಡ. ರೋಮ್ ಚಕ್ರವರ್ತಿ ಮಾರ್ಕಸ್ ಆರೀಲಿಯಸ್ ತನಗೋಸ್ಕರ ಬರ್ಕೊಂಡಿದ್ದನ್ನ ಇವತ್ತಿಗೂ ಜನ ಓದ್ತಾರೆ, ಆದ್ರೆ ಅವನು ಯಾರಿಗೋ ಓದ್ಲಿ ಅಂತ ಬರೆದಿದ್ದಲ್ಲ, ಅದಕ್ಕೇ ಅದ್ರಲ್ಲಿ ಅಷ್ಟು ಪ್ರಾಮಾಣಿಕತೆ. ಯಾರೋ ಓದ್ತಾರೆ ಅಂತ ಮನಸ್ಸಲ್ಲಿ ಬಂದ ಕೂಡ್ಲೇ ಕೈ ಒಳ್ಳೆಯವನ ಪಾತ್ರ ಬರೆಯೋಕೆ ಶುರು ಮಾಡುತ್ತೆ. ಮನೇಲಿ ಯಾರಾದ್ರೂ ಓದ್ತಾರೆ ಅನ್ನೋ ಭಯ ಇದ್ರೆ ಬರೆದು ಹರಿದು ಹಾಕಿ, ಬರೆದಾಗ ಆದ ಕೆಲಸ ಆಗಿರುತ್ತೆ.

ಹದಿನೈದು ದಿನ ಮಾಡಿ ಬಿಟ್ಟೋಯ್ತು

ಹದಿನಾರನೇ ದಿನ ಯಾವತ್ತು ಬೇಕಾದ್ರೂ ಬರ್ಬಹುದು. ಬಿಟ್ಟ ದಿನಗಳನ್ನ ತುಂಬೋಕೆ ಹೋಗಬೇಡಿ. ಫ್ರಾಂಕ್ಲಿನ್ 13 ಗುಣಗಳ ಪಟ್ಟಿ ಮಾಡಿ ವಾರಕ್ಕೊಂದರ ಮೇಲೆ ಗಮನ ಇಟ್ಟು, ತಪ್ಪಿದಾಗೆಲ್ಲ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ ಹಾಕ್ತಿದ್ರು, ಅವ್ರಿಗೂ ಅಚ್ಚುಕಟ್ಟು ಅನ್ನೋ ಗುಣ ಕೊನೇವರೆಗೂ ಕೈಗೆ ಹತ್ತಲಿಲ್ಲ ಅಂತ ಬರ್ಕೊಂಡಿದ್ದಾರೆ.

ಯಾವಾಗ ಇದನ್ನ ಮಾಡ್ಬಾರ್ದು?

ದಯವಿಟ್ಟು ಇದನ್ನ ಪೂರ್ತಿ ಓದಿ. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಸಿದೇ ಇದ್ರೆ, ಯಾವುದ್ರಲ್ಲೂ ಆಸಕ್ತಿ ಇಲ್ದಿದ್ರೆ, ನಿದ್ದೆ ಹಸಿವು ಕೆಟ್ಟಿದ್ರೆ, ಒಬ್ರೇ ಕೂತು ಬರೆಯೋದ್ರಿಂದ ಸರಿ ಹೋಗುತ್ತೆ ಅಂತ ಕಾಯಬೇಡಿ, ಡಾಕ್ಟರ್ ಅಥವಾ ಕೌನ್ಸೆಲರ್ ಹತ್ರ ಹೋಗಿ. ಸಾಯ್ಬೇಕು ಅನ್ನೋ ಯೋಚ್ನೆ ಬರ್ತಿದ್ರೆ ಇವತ್ತೇ, ಈಗ್ಲೇ ನಂಬೋ ಒಬ್ರಿಗೆ ಹೇಳಿ, ಸಹಾಯವಾಣಿಗೆ ಫೋನ್ ಮಾಡಿ. ಹಳೇ ದೊಡ್ಡ ಆಘಾತಗಳನ್ನ, ಹಿಂಸೆಗೆ ಒಳಗಾಗಿದ್ದನ್ನ, ಒಬ್ರೇ ರಾತ್ರಿ ಕೂತು ಕೆದಕೋಕೆ ಹೋಗಬೇಡಿ, ಅದಕ್ಕೆ ಪಕ್ಕದಲ್ಲಿ ತಿಳಿದೋರು ಇರ್ಬೇಕು. ಇನ್ನೊಂದು ಮಾತು, ಯಾರೋ ನಿಮ್ಮನ್ನ ಹೊಡೀತಿದ್ರೆ, ದಿನಾ ಅವಮಾನ ಮಾಡ್ತಿದ್ರೆ, ಅಲ್ಲಿ "ನನ್ನ ತಪ್ಪೇನು" ಅಂತ ಅವಲೋಕನ ಮಾಡ್ಕೊಂಡು ಕೂರಬೇಡಿ. ಅಲ್ಲಿ ಬದಲಾಗಬೇಕಾಗಿರೋದು ನೀವಲ್ಲ, ಸುರಕ್ಷಿತ ಜಾಗಕ್ಕೆ ಹೋಗೋದು ಮೊದಲು.

ಬದಲಾವಣೆ ಆಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ತಪ್ಪು ನಿಲ್ಲೋದು ಬಹಳ ಆಮೇಲೆ. ಅದಕ್ಕೆ ಮುಂಚೆ, ತಪ್ಪು ಮಾಡೋದಕ್ಕೂ ಅದು ನಮಗೆ ಕಾಣೋದಕ್ಕೂ ನಡುವಿನ ಅಂತರ ಕಡಿಮೆ ಆಗ್ತಾ ಬರುತ್ತೆ. ಮೊದ್ಲು ಮೂರು ದಿನ ಆದ್ಮೇಲೆ ಗೊತ್ತಾಗ್ತಿತ್ತು, ಆಮೇಲೆ ಅದೇ ಸಂಜೆ, ಆಮೇಲೆ ಮಾತು ಮುಗಿದ ಕೂಡ್ಲೇ. ಡೊನಾಲ್ಡ್ ಶೋನ್ ಅನ್ನೋ ಚಿಂತಕರು 1983ರಲ್ಲಿ ಇದನ್ನ ಎರಡಾಗಿ ವಿಂಗಡಿಸಿದ್ರು, ಕೆಲಸ ಮುಗಿದ್ಮೇಲೆ ನೋಡೋದು ಒಂದು, ಕೆಲಸದ ಮಧ್ಯದಲ್ಲೇ ನೋಡೋದು ಇನ್ನೊಂದು. ಎರಡನೇದು ನೋಟ್‌ಬುಕ್ಕಿಂದ ನೇರವಾಗಿ ಬರಲ್ಲ, ಮೊದಲನೇದನ್ನ ಎಷ್ಟೋ ಸಲ ಮಾಡಿದ್ಮೇಲೆ ಒಂದಿನ ಬರುತ್ತೆ.

ಹೋದ ವರ್ಷ ತಮ್ಮನ ಜೊತೆ ಫೋನಲ್ಲಿದ್ದೆ, ಭಾನುವಾರ, ದುಡ್ಡಿನ ವಿಷಯ, ನನ್ನ ಧ್ವನಿ ಏರ್ತಿರೋದು ನನಗೇ ಕೇಳಿಸ್ತು. ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಲ್ಲಿಸಿ, "ಒಂದ್ನಿಮಿಷ ಇರೋ, ನಾನು ರೇಗ್ತಿದೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅವನು, "ಸರಿ ಅಣ್ಣ, ನಾನೂ ಸ್ವಲ್ಪ ಜೋರಾಗೇ ಮಾತಾಡ್ತಿದ್ದೆ" ಅಂದ.